ಟ್ರಫಲ್ ಪರಿಮಳದ ಎಣ್ಣೆ: ಅಪಾಯ ಎಲ್ಲಿದೆ, ಮೋಸ ಎಲ್ಲಿದೆ



ಆಹಾರದ ಶುದ್ಧತೆಯ ಬಗ್ಗೆ ವರ್ಷಕ್ಕೊಮ್ಮೆಯಾದರೂ ಜನರ ಮುಂದೆ ಮಾತಾಡಬೇಕೆಂಬುದು ಈ ಉಪನ್ಯಾಸ ದತ್ತಿಯ ಆಶಯ. ಅಂಥ ವೇದಿಕೆಯಲ್ಲಿ ಹಾಲು, ಜೇನುತುಪ್ಪ, ಮೆಣಸಿನಪುಡಿಯಂಥ ನಿತ್ಯದ ವಸ್ತುಗಳನ್ನು ಬಿಟ್ಟು ಟ್ರಫಲ್ ಪರಿಮಳದ ಎಣ್ಣೆಯನ್ನು ಏಕೆ ಆರಿಸಿಕೊಂಡೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಬೆಂಗಳೂರಿನ ಹೋಟೆಲುಗಳ ಮೆನುವಿನಲ್ಲಿ ಟ್ರಫಲ್ ಫ್ರೈಸ್, ಟ್ರಫಲ್ ಪಾಸ್ತಾ ಈಗ ಅಪರೂಪವಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಆಲಿವ್ ಎಣ್ಣೆಗಳ ಪಕ್ಕದಲ್ಲೇ ಅಣಬೆಯ ಚಿತ್ರವಿರುವ ಗಿಡ್ಡ ಬಾಟಲಿ ಕಾಣುತ್ತದೆ. ಮಕ್ಕಳು ಫೋನಿನಲ್ಲಿ ನೋಡಿ ತರಿಸುತ್ತಾರೆ. ಅಡುಗೆ ಮಾಡುವ ಅಮ್ಮ ಮುಚ್ಚಳ ತೆಗೆದು ಮೂಸಿ, ಇದನ್ನು ತಿಂದರೆ ಏನೂ ಆಗುವುದಿಲ್ಲವೇ ಎಂದು ಕೇಳುತ್ತಾಳೆ. ಆಕೆಯ ಪ್ರಶ್ನೆಗೆ ನಿಜವಾದ ಉತ್ತರ ಕೊಡಬೇಕು ಎಂಬುದೇ ನನ್ನ ಇಂದಿನ ಉದ್ದೇಶ.

ಈ ಎಣ್ಣೆಯ ಬಗ್ಗೆ ಜನ ಕೇಳುವ ಪ್ರಶ್ನೆಗಳು ಎರಡು. ಇದರಿಂದ ಅಪಾಯವಿದೆಯೇ? ಇದು ಅಸಲಿಯೇ? ಒಂದಕ್ಕೆ ಸಿಕ್ಕ ಉತ್ತರವನ್ನು ಇನ್ನೊಂದಕ್ಕೂ ಅಂಟಿಸಿಬಿಡುವುದು ನಮ್ಮ ಅಭ್ಯಾಸ. ನಕಲಿಯಾದರೆ ವಿಷ, ಪ್ರಕೃತಿಯದ್ದಾದರೆ ಕ್ಷೇಮ ಎಂದುಕೊಳ್ಳುತ್ತೇವೆ. ಟ್ರಫಲ್ ಎಣ್ಣೆಯ ವಿಷಯದಲ್ಲಿ ಈ ನಂಬಿಕೆ ತಲೆಕೆಳಗಾಗಿದೆ. ನಕಲಿ ಪರಿಮಳದ ಬಾಟಲಿ ದೇಹಕ್ಕೆ ಬಹುಮಟ್ಟಿಗೆ ನಿರಪಾಯ. ಅಸಲಿ ಟ್ರಫಲ್ ಚೂರು ಹಾಕಿ ಮನೆಯಲ್ಲಿ ಮಾಡಿಟ್ಟ ಎಣ್ಣೆ ಪ್ರಾಣಕ್ಕೇ ಎರವಾಗಬಹುದು. ಮೋಸ ಇರುವುದು ಒಂದು ಕಡೆ, ಅಪಾಯ ಇರುವುದು ಇನ್ನೊಂದು ಕಡೆ. ಕಾನೂನು ಎರಡನ್ನೂ ನೋಡಬೇಕು, ಆದರೆ ಬೇರೆ ಬೇರೆಯಾಗಿ ನೋಡಬೇಕು.

ಮೊದಲು ವಸ್ತುವಿನ ಪರಿಚಯ. ನಾನು ಹೇಳುತ್ತಿರುವುದು ಬೇಕರಿಯ ಚಾಕೊಲೇಟ್ ಟ್ರಫಲ್ ಅಲ್ಲ. ಟ್ರಫಲ್ ಎಂದರೆ ನೆಲದೊಳಗೆ ಬೆಳೆಯುವ ಒಂದು ಶಿಲೀಂಧ್ರದ ಗಡ್ಡೆ. ಓಕ್, ಹೇಝಲ್, ಪಾಪ್ಲರ್‌ನಂಥ ಮರಗಳ ಬೇರಿನೊಂದಿಗೆ ಕೊಡುಕೊಳ್ಳುವಿಕೆ ನಡೆಸಿ ಬದುಕುತ್ತದೆ: ಮರಕ್ಕೆ ನೀರು, ಖನಿಜಾಂಶಗಳನ್ನು ಒದಗಿಸುತ್ತದೆ, ಮರದಿಂದ ಸಕ್ಕರೆ ಪಡೆಯುತ್ತದೆ. ಇಟಲಿಯ ಪೀಡ್‌ಮಾಂಟ್ ಪ್ರಾಂತದ ಆಲ್ಬಾ ಪಟ್ಟಣ ಬಿಳಿ ಟ್ರಫಲ್ಲಿಗೆ ಹೆಸರುವಾಸಿ. ಫ್ರಾನ್ಸಿನ ಪೆರಿಗೋರ್ ಕಪ್ಪು ಟ್ರಫಲ್ಲಿಗೆ. ನೆಲದೊಳಗಿರುವ ಗಡ್ಡೆಗೆ ಬೀಜಕಣಗಳನ್ನು ಗಾಳಿಗೆ ತೂರುವ ದಾರಿಯಿಲ್ಲ. ಪ್ರಾಣಿಗಳು ಅಗೆದು ತಿಂದು ಬೇರೆಡೆ ಹಿಕ್ಕೆ ಹಾಕಿದರೆ ಮಾತ್ರ ಅದರ ಸಂತತಿ ಹರಡುತ್ತದೆ. ಆದ್ದರಿಂದಲೇ ಆ ಗಾಢ ವಾಸನೆ. ಹಂದಿ, ನಾಯಿಗಳು ಈ ಗಡ್ಡೆಯನ್ನು ಹೇಗೆ ಪತ್ತೆ ಮಾಡುತ್ತವೆ ಎಂಬುದಕ್ಕೆ ಬಹಳ ಕಾಲ ಬೇರೆ ವಿವರಣೆಗಳಿದ್ದವು. 1990ರಲ್ಲಿ ಫ್ರೆಂಚ್ ವಿಜ್ಞಾನಿಗಳು ಅವುಗಳನ್ನು ಸೆಳೆಯುವುದು ಡೈಮಿಥೈಲ್ ಸಲ್ಫೈಡ್ ಎಂಬ ಗಂಧಕದ ಸಂಯುಕ್ತ ಎಂದು ತೋರಿಸಿದರು.

ಇಟಲಿಯಲ್ಲಿ 1985ರ ಒಂದು ಕಾಯ್ದೆ ಯಾವ ಯಾವ ಜಾತಿಯ ಟ್ರಫಲ್‌ಗಳನ್ನು ಮಾರಬಹುದು, ಅವನ್ನು ಹೇಗೆ ಹುಡುಕಬೇಕು ಎಂಬುದನ್ನೆಲ್ಲ ವಿಧಿಸಿದೆ. ಹುಡುಕುವುದಕ್ಕೆ ನಾಯಿ ಬೇಕು. ನೆಲ ಕೆದಕಿ ಹಾಳುಮಾಡುವ ಹಂದಿಗೆ ಅಲ್ಲಿ ಅವಕಾಶವಿಲ್ಲ. ಟ್ರಫಲ್ ಹುಡುಕುವ ಇಟಲಿಯ ಪಾರಂಪರಿಕ ಜ್ಞಾನವನ್ನು 2021ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಬೆಲೆಯ ಮಾತು ಹೇಳುವುದಾದರೆ, 2007ರಲ್ಲಿ ಮಕಾವ್‌ನ ಕ್ಯಾಸಿನೊ ಉದ್ಯಮಿ ಸ್ಟಾನ್ಲಿ ಹೋ ಸುಮಾರು ಒಂದೂವರೆ ಕಿಲೋ ತೂಕದ ಒಂದೇ ಬಿಳಿ ಟ್ರಫಲ್ಲಿಗೆ 3,30,000 ಡಾಲರ್ ಕೊಟ್ಟರು. ಇಷ್ಟು ದುಬಾರಿ ವಸ್ತುವಿನ ಹೆಸರನ್ನು ಸಾಧಾರಣ ಬೆಲೆಯ ಬಾಟಲಿಯ ಮೇಲೆ ಬರೆಯಲು ಹೇಗೆ ಸಾಧ್ಯವಾಯಿತು? ಅದರ ಬೇರು 1967ರಲ್ಲಿದೆ.

ಆ ವರ್ಷ ಇಟಲಿಯ ರಸಾಯನ ವಿಜ್ಞಾನಿಗಳು ಬಿಳಿ ಟ್ರಫಲ್ಲಿನ ವಾಸನೆಯಲ್ಲಿ ಮುಖ್ಯವಾದ ಒಂದು ಅಣುವನ್ನು ಗುರುತಿಸಿ ಪ್ರಕಟಿಸಿದರು. ಅದರ ಹೆಸರು ಬಿಸ್-ಮಿಥೈಲ್‌ಥಯೋ-ಮೀಥೇನ್. ಉದ್ಯಮದವರು 2,4-ಡೈಥಯಾಪೆಂಟೇನ್ ಎನ್ನುತ್ತಾರೆ. ಮೂರು ಇಂಗಾಲ, ಎಂಟು ಜಲಜನಕ, ಎರಡು ಗಂಧಕದ ಪರಮಾಣುಗಳ ಪುಟ್ಟ ಅಣು. ಕಾರ್ಖಾನೆಯಲ್ಲಿ ಮಾಡುವುದು ಕಷ್ಟವಲ್ಲ, ಖರ್ಚೂ ಹೆಚ್ಚಲ್ಲ. ಗಂಧಕದ ಇಂಥ ಸಂಯುಕ್ತಗಳ ಶಕ್ತಿ ನಮ್ಮ ಅಡುಗೆಮನೆಗೆ ಹೊಸದಲ್ಲ. ಇಂಗು, ಬೆಳ್ಳುಳ್ಳಿ, ಈರುಳ್ಳಿಗಳ ಘಾಟು ಅದೇ ಕುಲದ್ದು. ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತದೆ ಎಂದು ನಮ್ಮ ಹಿರಿಯರು ಹೇಳಿದ್ದು ಚಿಟಿಕೆ ಇಂಗು ಎಷ್ಟು ದೂರ ಎಳೆಯುತ್ತದೆ ಎಂಬುದನ್ನು ಕಂಡೇ. ಈ ಅಣುವೂ ಹಾಗೆ. ಲೀಟರುಗಟ್ಟಲೆ ಎಣ್ಣೆಗೆ ಅತ್ಯಲ್ಪ ಪ್ರಮಾಣ ಸಾಕು.

ಮುಂದಿನ ದಶಕಗಳಲ್ಲಿ ಆಲಿವ್ ಎಣ್ಣೆಗೆ, ಇಲ್ಲವೆ ಅದಕ್ಕಿಂತ ಅಗ್ಗದ ಸೂರ್ಯಕಾಂತಿ ಎಣ್ಣೆಗೆ ಈ ಅಣುವನ್ನು ಬೆರೆಸಿ ಮಾರುವುದು ದೊಡ್ಡ ವ್ಯಾಪಾರವಾಯಿತು. ಅಡುಗೆ ಭಟ್ಟರೇ ಇದನ್ನು ಅಸಲಿ ಎಂದು ನಂಬಿದ್ದರು. ಅಮೆರಿಕದ ಬಾಣಸಿಗ ಡೇನಿಯಲ್ ಪ್ಯಾಟರ್ಸನ್ 2007ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಈ ಎಣ್ಣೆಗಳಲ್ಲಿ ಹೆಚ್ಚಿನವಕ್ಕೆ ಟ್ರಫಲ್ಲಿನ ಸಂಪರ್ಕವೇ ಇಲ್ಲವೆಂದು ಬರೆದಾಗ ಹೋಟೆಲ್ ಲೋಕದಲ್ಲಿ ಗದ್ದಲವೆದ್ದಿತು. ಇನ್ನೊಂದು ಸಂಗತಿ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಪೆರಿಗೋರಿನ ಕಪ್ಪು ಟ್ರಫಲ್ಲಿನ ಪರಿಮಳ ಬೇರೆಯೇ ಸಂಯುಕ್ತಗಳ ಮೇಳ. ಅದರಲ್ಲಿ ಈ ಅಣುವಿಗೆ ಮುಖ್ಯ ಸ್ಥಾನವಿಲ್ಲ. ಆದರೂ ಕಪ್ಪು ಟ್ರಫಲ್ ಎಂದು ಬರೆದ ಎಣ್ಣೆಗಳಲ್ಲೂ ಇದೇ ಅಣುವಿನ ವಾಸನೆ ಹೊಡೆಯುವುದುಂಟು.

ಈಗ ಅಮ್ಮನ ಪ್ರಶ್ನೆಗೆ ಬರೋಣ. ತಿಂದರೆ ಏನಾಗುತ್ತದೆ? ಇದು ಪೆಟ್ರೋಲಿನಿಂದ ಮಾಡಿದ್ದು ಎಂಬ ಮಾತು ಬಹಳ ಓಡಾಡುತ್ತಿದೆ. ಕಾರ್ಖಾನೆಯ ಅಣುವಿನ ಇಂಗಾಲ ಬಹುತೇಕ ನೈಸರ್ಗಿಕ ಅನಿಲ ಅಥವಾ ಪೆಟ್ರೋಲಿಯಂ ಮೂಲದಿಂದ ಬಂದಿರುತ್ತದೆ ಎಂಬುದು ನಿಜ. ಆದರೆ ಅಣುವಿಗೆ ಜಾತಕ ಇರುವುದಿಲ್ಲ. ಗಡ್ಡೆಯೊಳಗೆ ಹುಟ್ಟಿದ ಡೈಥಯಾಪೆಂಟೇನ್ ಮತ್ತು ಕಾರ್ಖಾನೆಯಲ್ಲಿ ಹುಟ್ಟಿದ ಡೈಥಯಾಪೆಂಟೇನ್ ನಮ್ಮ ಯಕೃತ್ತಿಗೆ ಒಂದೇ. ಶಿಟಾಕೆ ಅಣಬೆಯಲ್ಲೂ ಇದೇ ಅಣುವಿದೆ. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ ಗಂಧಕದ ಸರಳ ಸಲ್ಫೈಡ್‌ಗಳ ಗುಂಪಿನಲ್ಲಿ ಇದನ್ನು ಪರಿಶೀಲಿಸಿ, ಪರಿಮಳಕ್ಕಾಗಿ ಜನ ಸೇವಿಸುವ ಪ್ರಮಾಣದಲ್ಲಿ ಕಳವಳಕ್ಕೆ ಕಾರಣವಿಲ್ಲ ಎಂದಿದೆ. ಯುರೋಪಿನ ಒಕ್ಕೂಟ 2012ರಲ್ಲಿ ಅಂಗೀಕರಿಸಿದ ಪರಿಮಳ ವಸ್ತುಗಳ ಪಟ್ಟಿಯಲ್ಲೂ ಇದು ಇದೆ. ವಾಸನೆ ಇಷ್ಟು ತೀಕ್ಷ್ಣವಾದ್ದರಿಂದ ಹೆಚ್ಚು ಹಾಕಿದರೆ ನಾಲಿಗೆಯೇ ಬೇಡವೆನ್ನುತ್ತದೆ. ಹಾಗಾಗಿ ಹೊರಗೆ ಪ್ಲೇಟಿನ ಮೇಲೆ ನಾಲ್ಕು ಹನಿ ಬಿದ್ದರೆ ಹೆದರಬೇಡಿ ಎಂದು ಆಕೆಗೆ ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಆದರೆ ಅದೇ ಅಮ್ಮನ ಮಗಳು, ನಕಲಿ ಬೇಡ, ಅಸಲಿ ಟ್ರಫಲ್ ತರಿಸಿ ಒಳ್ಳೆಯ ಎಣ್ಣೆಯಲ್ಲಿ ಮುಳುಗಿಸಿ ನಾವೇ ಮಾಡಿಕೊಳ್ಳೋಣ ಎಂದರೆ ನಾನು ಗಾಬರಿಯಾಗುತ್ತೇನೆ. ಈ ಭಾಗವನ್ನು ತಾವು ದಯವಿಟ್ಟು ಗಮನವಿಟ್ಟು ಕೇಳಬೇಕು. ಇದು ಟ್ರಫಲ್ ಕೊಳ್ಳುವ ಹತ್ತು ಜನರ ವಿಷಯ ಅಲ್ಲ, ಬೆಳ್ಳುಳ್ಳಿ ತಿನ್ನುವ ಎಲ್ಲರ ವಿಷಯ.

1985ರ ಬೇಸಿಗೆಯಲ್ಲಿ ಕೆನಡಾದ ವ್ಯಾಂಕೂವರ್ ನಗರದ ಒಂದು ಹೋಟೆಲಿನಲ್ಲಿ ಸ್ಯಾಂಡ್‌ವಿಚ್ ತಿಂದ 36 ಜನ ಬಾಟ್ಯುಲಿಸಂ ಎಂಬ ನರಗಳ ಪಾರ್ಶ್ವವಾಯುವಿಗೆ ತುತ್ತಾದರು. ರೆಪ್ಪೆ ಜೋಲುವುದು, ಎರಡೆರಡು ಕಾಣುವುದು, ನುಂಗಲಾಗದಿರುವುದು, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುವುದು ಈ ಕಾಯಿಲೆಯ ಹೆಜ್ಜೆಗಳು. ರೋಗಿಗಳು ಬೇರೆ ಬೇರೆ ಊರು, ಬೇರೆ ದೇಶಗಳಿಗೆ ಚದುರಿಹೋಗಿದ್ದರಿಂದ ಎಷ್ಟೋ ಜನರಿಗೆ ಮೊದಲು ಬೇರೇನೋ ಕಾಯಿಲೆ ಎಂದು ಚಿಕಿತ್ಸೆ ನಡೆಯಿತು. ಕೊನೆಗೆ ಕಾರಣ ಸಿಕ್ಕಿದ್ದು ಅಡುಗೆಮನೆಯ ಒಂದು ಬಾಟಲಿಯಲ್ಲಿ: ಎಣ್ಣೆಯಲ್ಲಿ ಹಾಕಿಟ್ಟ ಹೆಚ್ಚಿದ ಬೆಳ್ಳುಳ್ಳಿ. ತಂಪಿನಲ್ಲಿಡಬೇಕು ಎಂಬ ಸೂಚನೆಯಿದ್ದ ಬಾಟಲಿ ತಿಂಗಳುಗಟ್ಟಲೆ ಹೊರಗೇ ಇತ್ತು. 1989ರಲ್ಲಿ ನ್ಯೂಯಾರ್ಕ್ ರಾಜ್ಯದ ಕಿಂಗ್‌ಸ್ಟನ್‌ನಲ್ಲಿ ಮತ್ತೆ ಮೂವರಿಗೆ ಎಣ್ಣೆಯ ಬೆಳ್ಳುಳ್ಳಿಯಿಂದಲೇ ಇದೇ ಕಾಯಿಲೆ ಬಂತು. ಆಮೇಲೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಇಂಥ ಉತ್ಪನ್ನಗಳಿಗೆ ಆಮ್ಲ ಅಥವಾ ಸೂಕ್ಷ್ಮಜೀವಿ ತಡೆಯುವ ವಸ್ತು ಸೇರಿಸಲೇಬೇಕು, ಬರೀ ತಂಪಿನ ಮೇಲೆ ನೆಚ್ಚಿಕೊಳ್ಳುವಂತಿಲ್ಲ ಎಂದು ಆಜ್ಞೆ ಮಾಡಿತು.

ಇದು ನಡೆಯುವ ಬಗೆ ಹೀಗೆ. ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಮಣ್ಣಿನಲ್ಲಿ ಇರುತ್ತವೆ. ನೀರು ಕುದಿಯುವ ಶಾಖಕ್ಕೂ ಸಾಯುವುದಿಲ್ಲ. ಪ್ರೆಷರ್ ಕುಕ್ಕರಿನಂಥ ಒತ್ತಡದಲ್ಲಿ 121 ಡಿಗ್ರಿ ತಲುಪಬೇಕು. ಗಾಳಿ ಇರುವಲ್ಲಿ ಅವು ಚಿಗುರುವುದಿಲ್ಲ. ಎಣ್ಣೆ ಗಾಳಿಯನ್ನು ತಡೆಯುತ್ತದೆ. ಎಣ್ಣೆಯಲ್ಲಿ ನೀರಿಲ್ಲ ನಿಜ, ಆದರೆ ಅದರೊಳಗೆ ಮುಳುಗಿರುವ ಹಸಿ ಚೂರಿನಲ್ಲಿ ಇದೆ. ತಾಜಾ ಟ್ರಫಲ್ಲಿನ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ. ಹುಳಿಯೂ ಇಲ್ಲ, ಉಪ್ಪೂ ಇಲ್ಲ, ಮಣ್ಣಿನೊಳಗೇ ಬೆಳೆದದ್ದು. ಎಷ್ಟು ಉಜ್ಜಿ ತೊಳೆದರೂ ಅದರ ಗಂಟುಗಂಟು ಮೈಯ ಸಂದಿಗಳಲ್ಲಿ ಮಣ್ಣು ಉಳಿಯುತ್ತದೆ. ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಅನುಕೂಲವಾದ ಮನೆ ಯಾವುದು? ಅದು ಉತ್ಪಾದಿಸುವ ವಿಷಕ್ಕೆ ರುಚಿಯಿಲ್ಲ, ಎಣ್ಣೆ ಕೆಟ್ಟಿದೆ ಎಂದು ನಾಲಿಗೆ ಎಚ್ಚರಿಸುವುದಿಲ್ಲ. ಟ್ರಫಲ್ಲಿನ ಗಂಧಕದ ವಾಸನೆಯ ನಡುವೆ ಹಳಸಿದ ವಾಸನೆ ಇದ್ದರೂ ಗೊತ್ತಾಗುವುದು ಕಷ್ಟ.

ವಿಷವನ್ನು ಮಾತ್ರ ಬಿಸಿ ನಾಶ ಮಾಡುತ್ತದೆ. 85 ಡಿಗ್ರಿ ಶಾಖದಲ್ಲಿ ಐದು ನಿಮಿಷ ಸಾಕು. ಒಗ್ಗರಣೆಯ ಎಣ್ಣೆಗೆ ಈ ರಕ್ಷಣೆ ತಾನಾಗಿ ಸಿಗುತ್ತದೆ. ಟ್ರಫಲ್ ಎಣ್ಣೆಗೆ ಅದು ಸಿಗುವುದೇ ಇಲ್ಲ. ಕಾಯಿಸಿದರೆ ಪರಿಮಳ ಹಾರಿಹೋಗುತ್ತದೆಂದು ಅದನ್ನು ಅಡುಗೆಯೆಲ್ಲ ಮುಗಿದ ಮೇಲೆ ಹಸಿಯಾಗಿಯೇ ಚಿಮುಕಿಸುತ್ತಾರೆ.

ನಮ್ಮ ಉಪ್ಪಿನಕಾಯಿಯ ಮೇಲೂ ಎಣ್ಣೆ ನಿಲ್ಲುತ್ತದಲ್ಲ, ಅದಕ್ಕೇನೂ ಆಗುವುದಿಲ್ಲವಲ್ಲ ಎಂದು ತಾವು ಕೇಳಬಹುದು. ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಮುಳುಗಿಸಿ ಸುಕ್ಕಾಗುವವರೆಗೆ ಬಿಡುವುದು, ಕೈಗೆ ನೀರು ತಾಗದಂತೆ ನೋಡಿಕೊಳ್ಳುವುದು, ಒದ್ದೆ ಸೌಟು ಹಾಕಿದವರಿಗೆ ಅಜ್ಜಿ ಬೈಯುವುದು ಸುಮ್ಮನೆ ಬಂದ ಮಡಿಯಲ್ಲ. ಉಪ್ಪು ನೀರನ್ನು ಎಳೆದುಹಾಕುತ್ತದೆ, ಮಾವಿನ ಹುಳಿ ಪಿಎಚ್ ಅನ್ನು 4.6ಕ್ಕಿಂತ ಕೆಳಗಿಡುತ್ತದೆ. ಆ ಗೆರೆಯ ಕೆಳಗೆ ಈ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಎಣ್ಣೆ ಅಲ್ಲಿ ಕಾವಲುಗಾರರಲ್ಲಿ ಒಬ್ಬ ಮಾತ್ರ. ಈಗ ವಿಡಿಯೊಗಳಲ್ಲಿ ತೋರಿಸುವ ಬೆಳ್ಳುಳ್ಳಿ ಎಣ್ಣೆ, ಹಸಿಮೆಣಸಿನ ಎಣ್ಣೆ, ತುಳಸಿ ಎಲೆಯ ಎಣ್ಣೆಗಳಲ್ಲಿ ಉಪ್ಪೂ ಇಲ್ಲ, ಹುಳಿಯೂ ಇಲ್ಲ, ಕಾವಲಿಗೆ ಎಣ್ಣೆ ಒಂದೇ. ಹಸಿ ಚೂರು ಹಾಕಿದ ಎಣ್ಣೆಯನ್ನು ಅಂದೇ ಬಳಸಿ. ಉಳಿದರೆ ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನಗಳಲ್ಲಿ ಮುಗಿಸಿ, ಇಲ್ಲವೆ ಚೆಲ್ಲಿ. ಒಣ ಮೆಣಸಿನಕಾಯಿ, ಗರಿಗರಿಯಾಗಿ ಒಣಗಿದ ಎಲೆಗಳಲ್ಲಿ ಈ ಭಯ ಇಲ್ಲವೆನ್ನುವಷ್ಟು ಕಡಿಮೆ. ಕಂಪನಿಯ ಬಾಟಲಿಯ ತಳದಲ್ಲಿ ಕಾಣುವ ಟ್ರಫಲ್ ಚೂರು ಒಣಗಿಸಿದ್ದೇ, ಆಮ್ಲ ಸೇರಿಸಿದ್ದೇ ಎಂಬುದನ್ನು ನೋಡುವುದು ಅಧಿಕಾರಿಯ ಕೆಲಸ. ಸುರಕ್ಷತೆಯ ತನಿಖೆ ಇಲ್ಲಿಂದಲೇ ಶುರುವಾಗಬೇಕೆಂಬುದು ನನ್ನ ಒತ್ತಾಯ.

ಅಪಾಯದ ಇನ್ನೊಂದು ಮೂಲ ಪರಿಮಳದ ಕೆಳಗಿರುವ ಎಣ್ಣೆ. 1981ರಲ್ಲಿ ಸ್ಪೇನಿನಲ್ಲಿ ಕಾರ್ಖಾನೆ ಬಳಕೆಗೆಂದು ಅನಿಲಿನ್ ಬೆರೆಸಿದ್ದ ರೇಪ್‌ಸೀಡ್ ಎಣ್ಣೆಯನ್ನು ಶುದ್ಧ ಮಾಡಿದಂತೆ ಮಾಡಿ, ಆಲಿವ್ ಎಣ್ಣೆಯೆಂದು ಬೀದಿ ಬೀದಿಯಲ್ಲಿ ಕ್ಯಾನುಗಳಲ್ಲಿ ಮಾರಿದರು. ಸುಮಾರು 20,000 ಜನ ನರಳಿದರು, ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಕೊಂಡವರು ಬಡ ಕಾರ್ಮಿಕರ ಬಡಾವಣೆಗಳವರು. ನಮ್ಮ ದೇಶದಲ್ಲಿ 1998ರಲ್ಲಿ ದೆಹಲಿಯ ಸಾಸಿವೆ ಎಣ್ಣೆಗೆ ಆರ್ಜಿಮೋನ್ ಎಂಬ ಹಳದಿ ಹೂವಿನ ಮುಳ್ಳುಗಿಡದ ಎಣ್ಣೆ ಸೇರಿ, ಕೈಕಾಲು ಊದುವ ಡ್ರಾಪ್ಸಿ ಬಂದು 60ಕ್ಕೂ ಹೆಚ್ಚು ಜೀವಗಳು ಹೋದವು. ಈ ನೆನಪುಗಳಿರುವ ನಾಡಿನಲ್ಲಿ ಎಣ್ಣೆಯ ಕಾನೂನು ಕಟ್ಟುನಿಟ್ಟಾಗಿರುವುದು ಸಹಜ. ನಮ್ಮ ಖಾದ್ಯ ತೈಲಗಳ ಮಾನದಂಡಗಳಲ್ಲಿ ಒಂದು ಮಾತು ಎಣ್ಣೆ ಎಣ್ಣೆಗೂ ಮರಳಿ ಬರುತ್ತದೆ: ಹೊರಗಿನಿಂದ ಸೇರಿಸಿದ ಬಣ್ಣವಾಗಲಿ, ಪರಿಮಳವಾಗಲಿ, ಖನಿಜ ತೈಲವಾಗಲಿ ಇರಕೂಡದು. ಪರಿಮಳವನ್ನು ಖನಿಜ ತೈಲದ ಪಕ್ಕದಲ್ಲೇ ನಿಲ್ಲಿಸಿದವರು ದಡ್ಡರಲ್ಲ. ಎಣ್ಣೆಯನ್ನು ಪರೀಕ್ಷಿಸಲು ಸಾಮಾನ್ಯ ಮನುಷ್ಯನಿಗಿರುವ ಉಪಕರಣ ಮೂಗು. ಪರಿಮಳ ಸೇರಿಸಿದರೆ ಆ ಮೂಗನ್ನೇ ಕಟ್ಟಿದಂತೆ. ಕಮಟು ಹಿಡಿದದ್ದೂ ತಿಳಿಯುವುದಿಲ್ಲ, ಅಗ್ಗದ ಎಣ್ಣೆಯೂ ತಿಳಿಯುವುದಿಲ್ಲ.

ತುಪ್ಪದ ವಿಷಯದಲ್ಲಿ ನಮ್ಮ ಹಿಂದಿನವರು ತೋರಿದ ಜಾಣ್ಮೆಯನ್ನು ಇಲ್ಲಿ ನೆನೆಯಬೇಕು. ವನಸ್ಪತಿ ಬಂದಾಗ ಅದನ್ನು ತುಪ್ಪಕ್ಕೆ ಬೆರೆಸುವ ದಂಧೆ ಬರುತ್ತದೆಂದು ತಿಳಿದು, ವನಸ್ಪತಿಯಲ್ಲಿ ಶೇಕಡಾ 5ರಷ್ಟಾದರೂ ಎಳ್ಳೆಣ್ಣೆ ಇರಲೇಬೇಕೆಂದು ಕಟ್ಟಳೆ ಮಾಡಿದರು. ಎಳ್ಳೆಣ್ಣೆ ಇರುವ ಕೊಬ್ಬು ಬೋದ್ವೆ ಪರೀಕ್ಷೆಯಲ್ಲಿ ಕೆಂಪು ಬಣ್ಣ ಕೊಡುತ್ತದೆ, ಶುದ್ಧ ತುಪ್ಪ ಕೊಡುವುದಿಲ್ಲ. ಕಳ್ಳನ ಜೇಬಿನಲ್ಲೇ ಸಾಕ್ಷಿ ಇಟ್ಟು ಕಳಿಸಿದಂತೆ. ಜೊತೆಗೆ, ವನಸ್ಪತಿಗೆ ಪರಿಮಳ ಹಾಕುವುದಾದರೆ ಅದು ತುಪ್ಪದ ಪರಿಮಳದಿಂದ ಬೇರೆಯಾಗಿರಬೇಕೆಂದೂ ವಿಧಿಸಿದರು. ವನಸ್ಪತಿ ಅಂದಿನ ತಿಳಿವಳಿಕೆಯಂತೆ ವಿಷವಲ್ಲ. ಆದರೂ ಅದು ಇನ್ನೊಂದರ ವೇಷ ಹಾಕಿ ಬರಬಾರದು ಎಂಬ ತತ್ವ ಅಲ್ಲಿದೆ. ಟ್ರಫಲ್ ಎಣ್ಣೆಗೆ ನಾನು ಕೇಳುತ್ತಿರುವುದೂ ಇಷ್ಟೇ.

ಹೊರದೇಶಗಳು ಈ ವೇಷದ ಪ್ರಶ್ನೆಯನ್ನು ಹೇಗೆ ಎದುರಿಸಿವೆ? ಯುರೋಪಿನ 2008ರ ನಿಯಮ ಸ್ಪಷ್ಟವಾಗಿದೆ. ನೈಸರ್ಗಿಕ ಟ್ರಫಲ್ ಪರಿಮಳ ಎಂದು ಬರೆಯಬೇಕಾದರೆ ಆ ಪರಿಮಳ ಭಾಗದಲ್ಲಿ ಕನಿಷ್ಠ ಶೇಕಡಾ 95 ಟ್ರಫಲ್ಲಿನಿಂದಲೇ ಬಂದಿರಬೇಕು. ಪ್ರಕೃತಿಗೆ ಸಮಾನ ಎಂಬ ನಡುವಿನ ವರ್ಗವನ್ನು ಆ ನಿಯಮ ಕೈಬಿಟ್ಟಿತು. ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆಗೆ ಏನನ್ನು ಸೇರಿಸಿದರೂ ಅದು ಆ ಹೆಸರನ್ನು ಕಳೆದುಕೊಳ್ಳುತ್ತದೆ. ಇಟಲಿಯಲ್ಲಿ ಇಂಥ ಬಾಟಲಿಯ ಮೇಲೆ ಆಲಿವ್ ಎಣ್ಣೆ ಆಧಾರಿತ ಪರಿಮಳಯುಕ್ತ ವ್ಯಂಜನ ಎಂಬರ್ಥದ ಮಾತು ಕಾಣುತ್ತದೆ.

ಅಮೆರಿಕದಲ್ಲಿ ಗ್ರಾಹಕರು ನ್ಯಾಯಾಲಯಕ್ಕೆ ಹೋದರು. ಟ್ರಫಲ್ ಪರಿಮಳದ ಆಲಿವ್ ಎಣ್ಣೆ ಎಂದು ಬರೆದು, ಒಳಗೆ ಟ್ರಫಲ್ ಇಲ್ಲದೆ ಮಾರಿದ ಕಂಪನಿಯ ಮೇಲಿನ ಒಂದು ದಾವೆಯನ್ನು ನ್ಯೂಯಾರ್ಕಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ತಳ್ಳಿಹಾಕಿತು. ನ್ಯಾಯಾಲಯದ ವಾದಸರಣಿ ಹೀಗಿತ್ತು: ಟ್ರಫಲ್ ಜಗತ್ತಿನ ಅತ್ಯಂತ ದುಬಾರಿ ಆಹಾರಗಳಲ್ಲೊಂದು, ಪದಾರ್ಥಗಳ ಪಟ್ಟಿಯಲ್ಲಿ ಟ್ರಫಲ್ ಎಂಬ ಹೆಸರಿಲ್ಲ, ಸಾಧಾರಣ ಬೆಲೆಗೆ ಎಲ್ಲೆಡೆ ಸಿಗುವ ಎಣ್ಣೆಯಲ್ಲಿ ನಿಜವಾದ ಟ್ರಫಲ್ ಇರುತ್ತದೆಂದು ವಿವೇಕವುಳ್ಳ ಗ್ರಾಹಕ ಭಾವಿಸಲಾರ.

ಈ ತರ್ಕವನ್ನು ನಾನು ಒಪ್ಪುವುದಿಲ್ಲ. ಒಪ್ಪದಿರಲು ನನಗಿರುವ ಕಾರಣ ನಮ್ಮ ನೆಲದ್ದು. ನಮ್ಮ ಮನೆಯಲ್ಲಿ ಯಾರಾದರೂ ಕಲಬೆರಕೆ ತುಪ್ಪ ತಂದರೆ ಬೆರಳಿಗೆ ಹಚ್ಚಿ ಮೂಸಿದವರು ಕೂಡಲೇ ಹೇಳುತ್ತಾರೆ. ಕಡಲೆಕಾಯಿ ಎಣ್ಣೆ ಗಾಣದ್ದೋ ಅಲ್ಲವೋ ಎಂದು ಬಾಣಲೆಯ ಹೊಗೆಯಲ್ಲೇ ತಿಳಿಯುವವರಿದ್ದಾರೆ. ಕರಾವಳಿಯಲ್ಲಿ ಮೊದಲ ಗುಡುಗಿನ ಮಳೆಗೆ ನೆಲದಿಂದ ಕೆದಕಿ ತರುವ ಕಲ್ಲಣಬೆಯನ್ನು ಎಳೆಯದೋ ಬಲಿತದ್ದೋ ಎಂದು ಮುಟ್ಟಿ ನೋಡಿಯೇ ಕೊಳ್ಳುತ್ತಾರೆ. ಈ ತಿಳಿವಳಿಕೆ ತಲೆಮಾರುಗಳ ಊಟದಿಂದ ಬಂದದ್ದು. ಟ್ರಫಲ್ ವಿಷಯದಲ್ಲಿ ನಮಗೆ ಅಂಥ ಯಾವ ಆಧಾರವೂ ಇಲ್ಲ. ಅಸಲಿ ಗಡ್ಡೆಯನ್ನು ಮೂಸಿದವರು ಈ ಊರಿನಲ್ಲಿ ಎಷ್ಟು ಜನ? ಅದರ ಬೆಲೆ ತಿಳಿದವರೆಷ್ಟು? ಇಲ್ಲಿನ ಹುಡುಗಿ ಟ್ರಫಲ್ ಎಂದರೇನು ಎಂದು ಕಲಿಯುವುದೇ ಈ ಬಾಟಲಿಯಿಂದ. ನಕಲಿಯೇ ಮೊದಲ ಮತ್ತು ಏಕೈಕ ಗುರುವಾದಾಗ, ಬೆಲೆ ನೋಡಿ ತಿಳಿಯಬೇಕಿತ್ತು ಎಂದು ಶಿಷ್ಯಳನ್ನು ದೂರುವುದು ನ್ಯಾಯವಲ್ಲ. ಆಕೆ ನಂಬಬಹುದಾದದ್ದು ಲೇಬಲ್ ಒಂದನ್ನೇ. ಆದ್ದರಿಂದ ವಸ್ತು ಎಷ್ಟು ಅಪರಿಚಿತವೋ ಲೇಬಲ್ಲಿನ ಹೊಣೆ ಅಷ್ಟು ದೊಡ್ಡದು.

ನಮ್ಮ ಲೇಬಲ್ ಏನು ಹೇಳುತ್ತದೆ? 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಒಳ್ಳೆಯ ಕಾಯ್ದೆ. ಅಸುರಕ್ಷಿತ ಆಹಾರವನ್ನೂ ತಪ್ಪು ಹೆಸರಿನ ಆಹಾರವನ್ನೂ ಅದು ಬೇರೆ ಬೇರೆಯಾಗಿಯೇ ನೋಡುತ್ತದೆ. ಅಸುರಕ್ಷಿತ ಆಹಾರದಿಂದ ಸಾವು ಸಂಭವಿಸಿದರೆ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ಹೋಗಬಹುದಾದ ಸೆರೆವಾಸ. ತಪ್ಪು ಹೆಸರಿಗೆ ಮೂರು ಲಕ್ಷ ರೂಪಾಯಿವರೆಗೆ ದಂಡ. ಕೊರತೆ ಇರುವುದು ಕೆಳಗಿನ ನಿಯಮಗಳಲ್ಲಿ. ಪರಿಮಳ ಸೇರಿಸಿದರೆ ಪದಾರ್ಥಗಳ ಪಟ್ಟಿಯ ಕೆಳಗೆ ಸೇರಿಸಿದ ಪರಿಮಳ ಇದೆ ಎಂದು ಬರೆಯಬೇಕು. ಒಳ್ಳೆಯದೇ. ಪರಿಮಳ ಕೃತಕವಾದರೆ ಅದರ ಹೆಸರನ್ನೂ ಹೇಳಬೇಕು. ಆದರೆ ನೈಸರ್ಗಿಕ ಅಥವಾ ಪ್ರಕೃತಿಗೆ ಸಮಾನ ಎನ್ನುವ ವರ್ಗಗಳಿಗೆ ವರ್ಗದ ಹೆಸರಷ್ಟೇ ಸಾಕು. ಡೈಥಯಾಪೆಂಟೇನ್ ಪ್ರಕೃತಿಯಲ್ಲಿ ಇರುವ ಅಣುವಾದ್ದರಿಂದ, ಕಾರ್ಖಾನೆಯಲ್ಲೇ ಹುಟ್ಟಿದ್ದರೂ, ಯುರೋಪ್ ಕೈಬಿಟ್ಟ ಆ ನಡುವಿನ ವರ್ಗಕ್ಕೆ ಬೀಳುತ್ತದೆ. ಅದರ ಹೆಸರು ಗ್ರಾಹಕರ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನೊಂದು ನಿಯಮವಿದೆ. ಮಾತಿನಿಂದಾಗಲಿ ಚಿತ್ರದಿಂದಾಗಲಿ ಒಂದು ಪದಾರ್ಥವನ್ನು ಲೇಬಲ್ಲಿನಲ್ಲಿ ಎತ್ತಿ ತೋರಿಸಿದರೆ ಅದು ಶೇಕಡಾ ಎಷ್ಟಿದೆ ಎಂದು ಬರೆಯಬೇಕು. ಮಾವಿನ ಚಿತ್ರ ಹಾಕಿದ ಪಾನೀಯದಲ್ಲಿ ಎಷ್ಟು ಮಾವು ಎಂದು ನಾವು ಕೇಳಬಹುದಾದದ್ದು ಇದರಿಂದಲೇ. ಆದರೆ ಅದೇ ನಿಯಮಕ್ಕೆ ಬಾಲದಂತೆ ಒಂದು ವಿನಾಯಿತಿ ಅಂಟಿಕೊಂಡಿದೆ: ಪದಾರ್ಥವನ್ನು ಪರಿಮಳಕ್ಕಾಗಿ ಬಳಸಿದ್ದರೆ ಶೇಕಡಾವಾರು ಹೇಳಬೇಕಾಗಿಲ್ಲ. ಬಿರಿಯಾನಿಗೆ ಹಾಕಿದ ಏಲಕ್ಕಿಯ ಲೆಕ್ಕ ಕೊಡಬೇಕಾಗಬಾರದು ಎಂಬುದು ಇದರ ಉದ್ದೇಶವಿರಬಹುದು; ಅದು ಸರಿಯೇ. ಇಡೀ ಬಾಟಲಿಯ ಬೆಲೆಯೇ ಪರಿಮಳದ ಹೆಸರಿನ ಮೇಲೆ ನಿಂತಿರುವಾಗ ಮಾತ್ರ ಈ ವಿನಾಯಿತಿ ಮರೆಮಾಚುವ ಪರದೆಯಾಗುತ್ತದೆ.

ಹೋಟೆಲುಗಳ ಮೆನುವಿಗೂ ಒಂದು ಮಾತು ಸಲ್ಲಬೇಕು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ತೋರಿಸಬೇಕೆಂದು 2020ರ ಲೇಬಲ್ ನಿಯಮಗಳು ಹೇಳುತ್ತವೆ. ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಾದರೂ ಪರಿಮಳ ಎಂದಿರುತ್ತದೆ. ಅದೇ ಎಣ್ಣೆ ಅಡುಗೆಮನೆ ದಾಟಿ ತಟ್ಟೆಗೆ ಬರುವಾಗ ಆ ಪದ ಕಳಚಿಹೋಗಿ ಬರೀ ಟ್ರಫಲ್ ಉಳಿಯುತ್ತದೆ. ಕ್ಯಾಲೊರಿ ಬರೆಯಲು ಜಾಗವಿರುವ ಹಾಳೆಯಲ್ಲಿ ಈ ಒಂದು ಪದಕ್ಕೂ ಜಾಗ ಮಾಡಿಕೊಳ್ಳಲಿ.

ತಿನ್ನುವವರ ಸುರಕ್ಷತೆಯ ಬಗ್ಗೆ ಇಷ್ಟು ಮಾತಾಡಿದ ಮೇಲೆ ಪರಿಮಳ ತಯಾರಿಸುವವರನ್ನು ಮರೆತರೆ ತಪ್ಪಾಗುತ್ತದೆ. ಕಪ್ಪು ಟ್ರಫಲ್ಲಿನ ಪರಿಮಳದಲ್ಲಿ ಡೈಅಸಿಟೈಲ್ ಎಂಬ ಬೆಣ್ಣೆಯ ವಾಸನೆಯ ಅಣುವೂ ಇದೆ. ತಿನ್ನುವ ಪ್ರಮಾಣದಲ್ಲಿ ಅದರಿಂದ ತೊಂದರೆ ಇಲ್ಲ. ಆದರೆ 2000ನೇ ಇಸವಿಯಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಜ್ಯಾಸ್ಪರ್ ಎಂಬ ಪಟ್ಟಣದ ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ಹಿಂದೆ ದುಡಿದಿದ್ದ ಎಂಟು ಮಂದಿಯ ಶ್ವಾಸಕೋಶದ ಸಣ್ಣ ನಾಳಗಳು ವಾಸಿಯಾಗದಂತೆ ಕಟ್ಟಿಹೋಗಿದ್ದು ಬೆಳಕಿಗೆ ಬಂತು. ಅವರು ಬೆಣ್ಣೆ ಪರಿಮಳದ ಬಿಸಿ ಆವಿಯನ್ನು ದಿನವೂ ಉಸಿರಾಡಿದ್ದರು. ಹೊಟ್ಟೆಗೆ ಕ್ಷೇಮವಾದದ್ದು ಪುಪ್ಪುಸಕ್ಕೆ ಮಾರಕವಾಗಬಹುದೆಂದು ಆ ಎಂಟು ಜನರ ದೇಹ ಜಗತ್ತಿಗೆ ಕಲಿಸಿತು. ಎಸೆನ್ಸ್ ತಯಾರಿಸುವ, ಸಾಂದ್ರ ಪರಿಮಳವನ್ನು ಡ್ರಮ್ಮಿನಿಂದ ಡ್ರಮ್ಮಿಗೆ ಸುರಿಯುವ ನಮ್ಮ ಸಣ್ಣ ಘಟಕಗಳಲ್ಲಿ ಗಾಳಿ ಹೊರಹಾಕುವ ವ್ಯವಸ್ಥೆ, ಉಸಿರಾಟದ ಪರೀಕ್ಷೆಗಳು ಇರಬೇಕೆಂದು ಕೇಳುವುದೂ ಆಹಾರ ಸುರಕ್ಷತೆಯ ಭಾಗವೇ.

ಇಲ್ಲಿರುವ ಆಹಾರ ವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಮಾತು. ಅಣು ಒಂದೇ ಆದಮೇಲೆ ಅಸಲಿ ನಕಲಿ ಪತ್ತೆ ಮಾಡುವುದು ಹೇಗೆ ಎಂದು ನೀವು ಕೇಳಬೇಕು. ಯಕೃತ್ತಿಗೆ ತಿಳಿಯದ ವ್ಯತ್ಯಾಸ ಇಂಗಾಲದ ತೂಕದಲ್ಲಿ ಸಿಗುತ್ತದೆ. ಇಂದು ಬದುಕಿರುವ ಮರದ ಸಕ್ಕರೆಯಿಂದ ಬಂದ ಇಂಗಾಲದಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಬಗೆ ಅಲ್ಪಸ್ವಲ್ಪ ಇರುತ್ತದೆ. ಕೋಟ್ಯಂತರ ವರ್ಷ ನೆಲದಡಿಯಿದ್ದ ಪೆಟ್ರೋಲಿಯಂ ಇಂಗಾಲದಲ್ಲಿ ಅದು ಪೂರ್ತಿ ಕರಗಿಹೋಗಿರುತ್ತದೆ. ಸ್ಥಿರವಾದ ಇಂಗಾಲ-13ರ ಅನುಪಾತವೂ ಮೂಲವನ್ನು ಹೇಳಬಲ್ಲದು. ಮೈಸೂರಿನ ಸಿಎಫ್‌ಟಿಆರ್‌ಐ 1950ರಿಂದ ಆಹಾರದ ಸತ್ಯಾಸತ್ಯವನ್ನು ಅಳೆಯುತ್ತ ಬಂದ ಸಂಸ್ಥೆ. ಈ ಬಗೆಯ ಪರೀಕ್ಷೆ ಟ್ರಫಲ್ಲಿಗಿಂತ ಹೆಚ್ಚಾಗಿ ನಮ್ಮ ವೆನಿಲಾ, ಏಲಕ್ಕಿ, ಕೇಸರಿ ಪರಿಮಳಗಳಿಗೆ ಬೇಕು. ಮಲೆನಾಡಿನಲ್ಲಿ ವೆನಿಲಾ ಬೆಳೆದು ಬೆಲೆ ಕುಸಿದು ಕೈಸುಟ್ಟುಕೊಂಡ ರೈತರಿಗೆ ಕಾರ್ಖಾನೆಯ ವೆನಿಲಿನ್ ಜೊತೆ ಪೈಪೋಟಿ ಎಂದರೇನು ಎಂದು ಚೆನ್ನಾಗಿ ಗೊತ್ತು.

ಆಹಾರ ಸುರಕ್ಷತಾ ಪ್ರಾಧಿಕಾರ ಕರಡು ನಿಯಮಗಳನ್ನು ಪ್ರಕಟಿಸಿ ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಕರೆಯುತ್ತದೆ. ಉದ್ಯಮದವರು ತಪ್ಪದೆ ಬರೆಯುತ್ತಾರೆ, ನಾವು ಬರೆಯುವುದಿಲ್ಲ. ನಾನೊಂದು ಪತ್ರ ಸಿದ್ಧಪಡಿಸಿದ್ದೇನೆ. ಅದರಲ್ಲಿ ಕೇಳಿರುವುದು ಮೂರು: ಒಂದು ಪದಾರ್ಥದ ಹೆಸರನ್ನೋ ಚಿತ್ರವನ್ನೋ ಲೇಬಲ್ಲಿನ ಮುಖದಲ್ಲಿ ಹಾಕಿ ಮಾರುವ ಉತ್ಪನ್ನಕ್ಕೆ ಪರಿಮಳದ ವಿನಾಯಿತಿ ಸಿಗಬಾರದು, ಅದು ಸೊನ್ನೆಯಿದ್ದರೆ ಸೊನ್ನೆ ಎಂದೇ ಬರೆಯಬೇಕು; ಪ್ರಕೃತಿಗೆ ಸಮಾನ ಎಂಬ ವರ್ಗದ ಪರಿಮಳಕ್ಕೂ ಅದರ ಹೆಸರು ಹೇಳಬೇಕು; ಹಸಿ ಪದಾರ್ಥ ಮುಳುಗಿಸಿದ ಎಣ್ಣೆಯ ಪಿಎಚ್ ಮಿತಿಯನ್ನೂ ಅದನ್ನು ಇಡಬೇಕಾದ ತಾಪಮಾನವನ್ನೂ ಮಾನದಂಡದಲ್ಲಿ ಬರೆದು, ಎಚ್ಚರಿಕೆಯನ್ನು ಸ್ಥಳೀಯ ಭಾಷೆಯಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಬೇಕು. ಪತ್ರ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇದೆ, ಬಾಗಿಲ ಬಳಿಯ ಮೇಜಿನ ಮೇಲಿಟ್ಟಿದ್ದೇನೆ. ಓದಿ ನೋಡಿ, ಒಪ್ಪಿಗೆಯಾದರೆ ಸಹಿ ಹಾಕಿ. ಒಪ್ಪದ ಸಾಲಿದ್ದರೆ ಪಕ್ಕದಲ್ಲೇ ಬರೆಯಿರಿ, ಅದನ್ನೂ ಸೇರಿಸಿಯೇ ಕಳಿಸೋಣ.